ಪರ್ಮಿಷನ್ ಡಿನೈಡ್ ಅಂತ ಬಂದರೆ ಮೊದಲು ಡೈರೆಕ್ಟರಿ ನೋಡಿ

ಹಲವರು ಒಂದೇ ಲಿನಕ್ಸ್ ಸರ್ವರ್‌ಗೆ ಲಾಗಿನ್ ಆಗಿ ಕೆಲಸ ಮಾಡುವ ಕಡೆ ಆ ಸರ್ವರ್ ನೋಡಿಕೊಳ್ಳುವುದು ನನ್ನ ಕೆಲಸ. ನನಗೆ ಜಾಸ್ತಿ ಬರುವ ಮೆಸೇಜ್ ಇದು: "ಫೈಲ್ ಓಪನ್ ಆಗ್ತಿಲ್ಲ. 777 ಕೊಟ್ಟು ನೋಡಿದೆ, ಆದ್ರೂ ಪರ್ಮಿಷನ್ ಡಿನೈಡ್ ಅಂತಿದೆ." 777 ಅಂದರೆ ಎಲ್ಲರಿಗೂ ಎಲ್ಲ ಹಕ್ಕು. ಈ ಒಂದೇ ಮೆಸೇಜಿನಲ್ಲಿ ಎರಡು ತೊಂದರೆ ಇವೆ. ಬೇಕಾದವರಿಗೆ ಫೈಲ್ ತೆರೆಯುತ್ತಿಲ್ಲ. ಬೇಡದವರಿಗೆ ತೆರೆಯಲು ಅನುಮತಿ ಕೊಟ್ಟಾಗಿದೆ. ಹೆಚ್ಚಿನ ಸಲ ಆ ಫೈಲಿನದು ಏನೂ ತಪ್ಪಿರುವುದಿಲ್ಲ. ಅದರ ಮೇಲಿನ ಯಾವುದೋ ಡೈರೆಕ್ಟರಿ (ಫೋಲ್ಡರ್) ಒಳಗೆ ಬಿಡುತ್ತಿರುವುದಿಲ್ಲ, ಅಷ್ಟೇ.

ಕಮಾಂಡುಗಳನ್ನು ನಾವು ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆಯುತ್ತೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಿ. ದೊಡ್ಡಕ್ಷರ ಬೇಕಾದ ಕಡೆ ಹೇಳುತ್ತೇನೆ.

ಆ ಹತ್ತು ಅಕ್ಷರಗಳು

"ಎಲ್‌ಎಸ್ -ಎಲ್" ಕೊಟ್ಟರೆ ಫೈಲುಗಳ ಪಟ್ಟಿ ಬರುತ್ತದೆ, ಅದರ ಪ್ರತಿ ಸಾಲಿನ ಶುರುವಿನಲ್ಲಿ ಹತ್ತು ಅಕ್ಷರ ಬರುತ್ತವೆ. ಒಂದು ಸಾಲು ಹೀಗಿದೆ ಅಂದುಕೊಳ್ಳಿ. ಓದಲು ಸುಲಭ ಆಗಲಿ ಅಂತ ನಡುವೆ ಗೆರೆ ಹಾಕಿದ್ದೇನೆ:

ಡಿ | ಆರ್ ಡಬ್ಲ್ಯೂ ಎಕ್ಸ್ | ಆರ್ - ಎಕ್ಸ್ | - - -

ಮೊದಲ ಅಕ್ಷರ ಇದು ಏನು ಅಂತ ಹೇಳುತ್ತದೆ. ಡಿ ಅಂದರೆ ಡೈರೆಕ್ಟರಿ, ಸುಮ್ನೆ ಒಂದು ಅಡ್ಡಗೆರೆ ಇದ್ದರೆ ಮಾಮೂಲಿ ಫೈಲ್, ಎಲ್ ಇದ್ದರೆ ಸಿಮ್‌ಲಿಂಕ್, ಅಂದರೆ ಇನ್ನೊಂದು ಫೈಲನ್ನು ತೋರಿಸುವ ಕೊಂಡಿ. ಆಮೇಲೆ ಮೂರು ಮೂರು ಅಕ್ಷರದ ಮೂರು ಗುಂಪು. ಮೊದಲನೆಯದು ಫೈಲಿನ ಓನರ್‌ಗೆ, ಎರಡನೆಯದು ಫೈಲಿನ ಗ್ರೂಪ್‌ಗೆ, ಮೂರನೆಯದು ಸರ್ವರ್‌ನಲ್ಲಿ ಉಳಿದ ಎಲ್ಲರಿಗೆ. ಆರ್ ಅಂದರೆ ರೀಡ್, ಡಬ್ಲ್ಯೂ ಅಂದರೆ ರೈಟ್, ಎಕ್ಸ್ ಅಂದರೆ ಎಕ್ಸಿಕ್ಯೂಟ್. ಅಡ್ಡಗೆರೆ ಇದ್ದರೆ ಆ ಹಕ್ಕು ಇಲ್ಲ. ಅದೇ ಸಾಲಿನಲ್ಲಿ ಮುಂದೆ ಓನರ್ ಹೆಸರು, ಗ್ರೂಪ್ ಹೆಸರು ಇರುತ್ತವೆ. ಈ ಎರಡು ಹೆಸರು ನೋಡದೆ ಬರೀ ಅಕ್ಷರ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಅಂಕಿಗಳ ಲೆಕ್ಕ ಇನ್ನೂ ಸುಲಭ. ಆರ್‌ಗೆ 4, ಡಬ್ಲ್ಯೂಗೆ 2, ಎಕ್ಸ್‌ಗೆ 1. ಕೂಡಿಸಿ. ಮೇಲಿನ ಸಾಲು 750. ನೀವು ದಿನಾ ನೋಡುವ 644 ಅಂದರೆ ಓನರ್ ಓದಬಹುದು, ಬರೆಯಬಹುದು, ಉಳಿದವರು ಓದಬಹುದು. ಅಂಕಿಯಲ್ಲೇ ನೋಡಬೇಕಿದ್ದರೆ "ಸ್ಟ್ಯಾಟ್" ಕಮಾಂಡ್ ಇದೆ.

ಇನ್ನು, ಬಹಳ ಜನಕ್ಕೆ ಗೊತ್ತಿಲ್ಲದ ಒಂದು ನಿಯಮ. ಸಿಸ್ಟಮ್ ಈ ಮೂರು ಗುಂಪನ್ನೂ ಕೂಡಿಸಿ ನೋಡುವುದಿಲ್ಲ. ನೀವು ಓನರ್ ಆಗಿದ್ದರೆ ಮೊದಲ ಗುಂಪು ಮಾತ್ರ ಲೆಕ್ಕಕ್ಕೆ. ಓನರ್ ಅಲ್ಲ, ಆದರೆ ಗ್ರೂಪಿನಲ್ಲಿದ್ದೀರಿ ಅಂದರೆ ಎರಡನೆಯದು ಮಾತ್ರ. ಎರಡೂ ಅಲ್ಲದಿದ್ದರೆ ಮೂರನೆಯದು. ಹಾಗಾಗಿ ಒಂದು ಫೈಲಿಗೆ 604 ಕೊಟ್ಟರೆ ಊರಿನವರೆಲ್ಲ ಅದನ್ನು ಓದಬಹುದು, ನಿಮ್ಮ ಗ್ರೂಪಿನವರು ಮಾತ್ರ ಓದುವಂತಿಲ್ಲ. ವಿಚಿತ್ರ ಅನಿಸಬಹುದು, ಆದರೆ ನಿಯಮ ಇರುವುದೇ ಹಾಗೆ. ಈ ತಪಾಸಣೆಯಿಂದ ತಪ್ಪಿಸಿಕೊಳ್ಳುವುದು ರೂಟ್ (ಸರ್ವರ್‌ನ ಅಡ್ಮಿನ್ ಖಾತೆ) ಒಬ್ಬನೇ. ನೀವು ಯಾವ ಯಾವ ಗ್ರೂಪಿನಲ್ಲಿದ್ದೀರಿ ಅಂತ ನೋಡಲು "ಐಡಿ" ಅಂತ ಟೈಪ್ ಮಾಡಿ ಎಂಟರ್ ಒತ್ತಿದರೆ ಸಾಕು.

ಡೈರೆಕ್ಟರಿಗೆ ಅರ್ಥವೇ ಬೇರೆ

ಫೈಲಿನ ಮೇಲೆ ಆರ್, ಡಬ್ಲ್ಯೂ, ಎಕ್ಸ್ ಏನು ಮಾಡುತ್ತವೆ ಅನ್ನುವುದು ಹೆಸರಿನಲ್ಲೇ ಇದೆ. ಎಲ್ಲರೂ ಎಡವುವುದು ಡೈರೆಕ್ಟರಿಯಲ್ಲಿ. ಡೈರೆಕ್ಟರಿ ಅಂದರೆ ಬರೀ ಹೆಸರುಗಳ ಪಟ್ಟಿ: ಈ ಹೆಸರಿನ ಫೈಲ್ ಡಿಸ್ಕಿನಲ್ಲಿ ಇಂಥದ್ದು ಅಂತ. ಇದನ್ನು ತಲೆಯಲ್ಲಿಟ್ಟುಕೊಂಡರೆ ಮಿಕ್ಕಿದ್ದೆಲ್ಲ ತಾನಾಗಿಯೇ ಬರುತ್ತದೆ. ಆರ್ ಇದ್ದರೆ ಆ ಪಟ್ಟಿ ಓದಬಹುದು. ಡಬ್ಲ್ಯೂ ಇದ್ದರೆ ಪಟ್ಟಿಗೆ ಹೆಸರು ಸೇರಿಸಬಹುದು, ತೆಗೆಯಬಹುದು, ಬದಲಿಸಬಹುದು. ಎಕ್ಸ್ ಇದ್ದರೆ ಆ ಡೈರೆಕ್ಟರಿಯನ್ನು ದಾಟಿ ಒಳಗಿನ ಫೈಲನ್ನು ಮುಟ್ಟಬಹುದು. ಎಕ್ಸ್ ಇಲ್ಲದೆ ಡಬ್ಲ್ಯೂ ಒಂದೇ ಇದ್ದರೆ ಪ್ರಯೋಜನ ಇಲ್ಲ.

ಓದಿ ಬಿಡಬೇಡಿ, ಒಮ್ಮೆ ಮಾಡಿ ನೋಡಿ. ನಿಮ್ಮ ಹೋಮ್‌ನಲ್ಲಿ (ಸರ್ವರ್‌ನಲ್ಲಿ ನಿಮಗಿರುವ ಸ್ವಂತ ಡೈರೆಕ್ಟರಿ) "ಪರೀಕ್ಷೆ" ಅಂತ ಒಂದು ಡೈರೆಕ್ಟರಿ ಮಾಡಿ, ಒಳಗೆ ಒಂದೆರಡು ಫೈಲ್ ಹಾಕಿ. ಈಗ ಪರ್ಮಿಷನ್ ಬದಲಿಸುವ ಕಮಾಂಡ್ "ಸಿಎಚ್‌ಮಾಡ್ 600 ಪರೀಕ್ಷೆ" ಕೊಡಿ. ಆರ್ ಉಳಿಯಿತು, ಎಕ್ಸ್ ಹೋಯಿತು. "ಎಲ್‌ಎಸ್ -ಎಲ್ ಪರೀಕ್ಷೆ" ಅಂದರೆ ಫೈಲುಗಳ ಹೆಸರು ಬರುತ್ತದೆ, ಆದರೆ ಸೈಜ್, ದಿನಾಂಕ, ಓನರ್ ಇರಬೇಕಾದ ಜಾಗದಲ್ಲೆಲ್ಲ ಪ್ರಶ್ನಾರ್ಥಕ ಚಿಹ್ನೆ. ಪಟ್ಟಿ ಓದಲಿಕ್ಕಾಯಿತು, ಒಳಗೆ ಹೋಗಿ ಫೈಲ್ ನೋಡಲು ಆಗಲಿಲ್ಲ. ಸರ್ವರ್‌ನಲ್ಲಿ ಎಲ್ಲಾದರೂ ಈ ಪ್ರಶ್ನಾರ್ಥಕಗಳ ಸಾಲು ಕಂಡರೆ ಡಿಸ್ಕ್ ಹಾಳಾಯಿತು ಅಂತ ಹೆದರಬೇಡಿ. ಮೊದಲು ಆ ಡೈರೆಕ್ಟರಿಯ ಎಕ್ಸ್ ನೋಡಿ.

ಈಗ ಉಲ್ಟಾ ಮಾಡಿ, 300 ಕೊಡಿ. "ಎಲ್‌ಎಸ್" ನಡೆಯುವುದಿಲ್ಲ. ಆದರೆ ಒಳಗಿನ ಫೈಲಿನ ಹೆಸರು ನೆನಪಿದ್ದರೆ "ಕ್ಯಾಟ್" ಮಾಡಿ ಓದಬಹುದು. ಇದು ಬರೀ ಆಟ ಅಲ್ಲ, ಉಪಯೋಗ ಇದೆ. ಹೋಮ್ ಒಳಗೆ ವೆಬ್‌ಸೈಟ್ ಇಟ್ಟುಕೊಳ್ಳುವ ಸರ್ವರ್‌ಗಳಲ್ಲಿ ಹೋಮ್‌ಗೆ 711 ಕೊಡುವುದು ಇದಕ್ಕೇ. ವೆಬ್ ಸರ್ವರ್ ದಾಟಿಕೊಂಡು ಒಳಗಿನ ಡೈರೆಕ್ಟರಿಗೆ ಹೋಗುತ್ತದೆ, ಆದರೆ ಪಕ್ಕದ ಯೂಸರ್ ನಿಮ್ಮ ಹೋಮ್‌ನಲ್ಲಿ ಏನೇನಿದೆ ಅಂತ ಪಟ್ಟಿ ತೆಗೆಯಲಾರ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಡೈರೆಕ್ಟರಿಗೆ ಮತ್ತೆ 700 ಕೊಟ್ಟು, ಒಳಗಿನ ಫೈಲಿಗೆ 444 ಕೊಡಿ. ಈಗ ಅದಕ್ಕೆ ಬರೆಯಲು ನಿಮಗೂ ಹಕ್ಕಿಲ್ಲ. ಆದರೆ "ಆರ್‌ಎಂ -ಎಫ್" ಕೊಟ್ಟು ನೋಡಿ, ಫೈಲ್ ಮಾಯ. ಯಾಕೆಂದರೆ ಡಿಲೀಟ್ ಮಾಡುವುದು ಅಂದರೆ ಪಟ್ಟಿಯಿಂದ ಹೆಸರು ತೆಗೆಯುವುದು. ಪಟ್ಟಿ ಡೈರೆಕ್ಟರಿಯದು, ಹಾಗಾಗಿ ಹಕ್ಕನ್ನೂ ಅದೇ ಹೇಳುತ್ತದೆ. ನಿಮ್ಮ ಡೈರೆಕ್ಟರಿಯಲ್ಲಿ ಬೇರೆಯವರ ಫೈಲ್ ಇದ್ದರೂ ನೀವು ಅಳಿಸಬಹುದು, ಅದು ರೂಟ್‌ನ ಫೈಲ್ ಆಗಿದ್ದರೂ ಸರಿ. "ಫೈಲಿಗೆ ರೀಡ್ ಓನ್ಲಿ ಹಾಕಿದ್ದೆ, ಆದ್ರೂ ಯಾರೋ ಅಳಿಸಿಬಿಟ್ರು" ಅನ್ನುವ ದೂರಿಗೆ ಉತ್ತರ ಇಲ್ಲಿದೆ.

ದಾರಿಯನ್ನು ಪೂರ್ತಿ ನೋಡಿ

ಒಂದು ಫೈಲ್ ತೆರೆಯಬೇಕಾದರೆ ರೂಟ್ ಡೈರೆಕ್ಟರಿಯಿಂದ (ಎಲ್ಲಕ್ಕಿಂತ ಮೇಲಿನದು, /) ಹಿಡಿದು ಅದರವರೆಗಿನ ಪ್ರತಿ ಡೈರೆಕ್ಟರಿಯಲ್ಲೂ ನಿಮಗೆ ಎಕ್ಸ್ ಇರಬೇಕು. ಒಂದರಲ್ಲಿ ಇಲ್ಲದಿದ್ದರೂ ಮುಗಿಯಿತು, ಕೊನೆಯ ಫೈಲಿಗೆ 777 ಇದ್ದು ಏನೂ ಉಪಯೋಗ ಇಲ್ಲ. ಇದನ್ನು ಒಂದೊಂದಾಗಿ "ಎಲ್‌ಎಸ್ -ಎಲ್‌ಡಿ" ಕೊಟ್ಟು ನೋಡಬಹುದು. ಆದರೆ ಅದಕ್ಕಿಂತ ಒಳ್ಳೆಯದು "ನೇಮ್‌ಐ -ಎಲ್" ಕೊಟ್ಟು ಮುಂದೆ ಫೈಲಿನ ಪೂರ್ತಿ ಪಾತ್ ಕೊಡುವುದು. ನೇಮ್ ಅಂತ ಬರೆದು ಕೊನೆಗೆ ಒಂದು ಐ. ಇಷ್ಟು ಉಪಯೋಗದ ಕಮಾಂಡ್ ಇಷ್ಟು ಕಡಿಮೆ ಜನಕ್ಕೆ ಗೊತ್ತಿರುವುದು ನನಗಂತೂ ಆಶ್ಚರ್ಯ. ಔಟ್‌ಪುಟ್ ಹೀಗೆ ಬರುತ್ತದೆ:

ಡಿ ಆರ್ ಡಬ್ಲ್ಯೂ ಎಕ್ಸ್ ಆರ್ - ಎಕ್ಸ್ ಆರ್ - ಎಕ್ಸ್, ರೂಟ್, ರೂಟ್, /
ಡಿ ಆರ್ ಡಬ್ಲ್ಯೂ ಎಕ್ಸ್ ಆರ್ - ಎಕ್ಸ್ ಆರ್ - ಎಕ್ಸ್, ರೂಟ್, ರೂಟ್, ಹೋಮ್
ಡಿ ಆರ್ ಡಬ್ಲ್ಯೂ ಎಕ್ಸ್ ಆರ್ - ಎಕ್ಸ್ - - -, ಯೂಸರ್1, ಯೂಸರ್1, ಯೂಸರ್1
ಡಿ ಆರ್ ಡಬ್ಲ್ಯೂ ಎಕ್ಸ್ ಆರ್ ಡಬ್ಲ್ಯೂ ಎಕ್ಸ್ ಆರ್ ಡಬ್ಲ್ಯೂ ಎಕ್ಸ್, ಯೂಸರ್1, ಯೂಸರ್1, ಡೇಟಾ
- ಆರ್ ಡಬ್ಲ್ಯೂ ಎಕ್ಸ್ ಆರ್ ಡಬ್ಲ್ಯೂ ಎಕ್ಸ್ ಆರ್ ಡಬ್ಲ್ಯೂ ಎಕ್ಸ್, ಯೂಸರ್1, ಯೂಸರ್1, ಪಟ್ಟಿ

ಯೂಸರ್2 ಈ ಪಟ್ಟಿಯನ್ನು ಓದಬೇಕು. ಕೆಳಗಿನ ಎರಡು ಸಾಲಿನಲ್ಲಿ ಎಲ್ಲ ತೆರೆದಿದೆ. ಆದರೆ ಮೂರನೇ ಸಾಲು ನೋಡಿ. ಯೂಸರ್1ರ ಹೋಮ್‌ನ ಕೊನೆಯ ಮೂರು ಜಾಗ ಖಾಲಿ. ಯೂಸರ್2 ಅಲ್ಲೇ ನಿಲ್ಲುತ್ತಾರೆ. ಉಬುಂಟುವಿನಲ್ಲಿ 21.04ರಿಂದ ಈಚೆಗೆ ಹೊಸ ಯೂಸರ್‌ನ ಹೋಮ್‌ಗೆ 750 ಬರುತ್ತದೆ, ಅದಕ್ಕೆ ಮೊದಲು 755 ಇತ್ತು. ಹಳೆಯ ಸರ್ವರ್‌ನಲ್ಲಿ ನಡೆಯುತ್ತಿದ್ದದ್ದು ಹೊಸದರಲ್ಲಿ ಯಾಕೆ ನಡೆಯುತ್ತಿಲ್ಲ ಅಂತ ಕೇಳುವವರಿಗೆ ಇದೂ ಒಂದು ಕಾರಣ ಇರಬಹುದು.

ಇಲ್ಲಿ ಹೋಮ್ ತೆರೆಯಲು ಹೋಗಬೇಡಿ. ಹೋಮ್ ಮುಚ್ಚಿರುವುದೇ ಒಳ್ಳೆಯದು. ಹಂಚಿಕೊಳ್ಳಬೇಕಾದ ಫೈಲ್ ಹೋಮ್‌ನಲ್ಲಿ ಇರಬಾರದು, ಅಷ್ಟೇ.

ತಂಡಕ್ಕೆ ಒಂದು ಜಾಗ

ಹೋಮ್‌ನಿಂದ ಹೊರಗೆ ಒಂದು ಡೈರೆಕ್ಟರಿ ಬೇಕು, ಮತ್ತು ಹಂಚಿಕೊಳ್ಳುವವರೆಲ್ಲ ಇರುವ ಒಂದು ಗ್ರೂಪ್ ಬೇಕು. ಗ್ರೂಪ್ ಮಾಡಿಕೊಡುವುದು ಅಡ್ಮಿನ್ ಕೆಲಸ, ಕೇಳಿ. ಹೆಸರು "ತಂಡ" ಅಂತ ಇಟ್ಟುಕೊಳ್ಳೋಣ. ಆಮೇಲೆ ಎರಡು ಕಮಾಂಡ್: ಡೈರೆಕ್ಟರಿಯ ಗ್ರೂಪನ್ನು "ಸಿಎಚ್‌ಜಿಆರ್‌ಪಿ ತಂಡ" ಕೊಟ್ಟು ಬದಲಿಸಿ, ನಂತರ "ಸಿಎಚ್‌ಮಾಡ್ 2770" ಕೊಡಿ. ನೀವು ಓನರ್ ಆಗಿದ್ದು, ಆ ಗ್ರೂಪಿನ ಸದಸ್ಯರೂ ಆಗಿದ್ದರೆ ಇದಕ್ಕೆ ರೂಟ್ ಬೇಕಿಲ್ಲ. ಆದರೆ ಲಿನಕ್ಸ್‌ನಲ್ಲಿ ಓನರ್ ಬದಲಿಸುವುದು ರೂಟ್ ಕೆಲಸ. ನಿಮ್ಮ ಫೈಲನ್ನು ಇನ್ನೊಬ್ಬರ ಹೆಸರಿಗೆ ನೀವೇ ಬರೆದುಕೊಡುವ ಹಾಗಿಲ್ಲ.

ಮುಂದಿನ ಆ 2 ಏನು? ಅದು ಸೆಟ್‌ಜಿಐಡಿ. ಅದಿಲ್ಲದಿದ್ದರೆ ಯಾರು ಹೊಸ ಫೈಲ್ ಮಾಡುತ್ತಾರೋ ಅವರ ಸ್ವಂತ ಗ್ರೂಪೇ ಫೈಲಿಗೂ ಬರುತ್ತದೆ, ತಂಡದವರಿಗೆ ಅದು ಸಿಗುವುದಿಲ್ಲ. ಅದಿದ್ದರೆ ಡೈರೆಕ್ಟರಿಯ ಗ್ರೂಪ್ ಬರುತ್ತದೆ. ಒಳಗೆ ಹೊಸದಾಗಿ ಮಾಡುವ ಡೈರೆಕ್ಟರಿಗಳಿಗೂ ಇದೇ ಗುಣ ಇಳಿಯುತ್ತದೆ. "ಎಲ್‌ಎಸ್"ನಲ್ಲಿ ಗ್ರೂಪಿನ ಎಕ್ಸ್ ಜಾಗದಲ್ಲಿ ಸಣ್ಣ ಎಸ್ ಕಾಣುತ್ತದೆ. ದೊಡ್ಡ ಎಸ್ ಕಂಡರೆ ಸೆಟ್‌ಜಿಐಡಿ ಇದೆ, ಎಕ್ಸ್ ಮರೆತುಹೋಗಿದೆ ಅಂತ ಅರ್ಥ.

ಗ್ರೂಪ್ ಸರಿಯಾದರೂ ಅರ್ಧ ಕೆಲಸವೇ ಆಗಿದ್ದು. ಹೊಸ ಫೈಲಿಗೆ ಎಷ್ಟು ಹಕ್ಕು ಬರಬೇಕು ಅನ್ನುವುದನ್ನು "ಯುಮಾಸ್ಕ್" ಹೇಳುತ್ತದೆ. ಸಾಮಾನ್ಯವಾಗಿ ಪ್ರೋಗ್ರಾಮುಗಳು ಫೈಲಿಗೆ 666, ಡೈರೆಕ್ಟರಿಗೆ 777 ಕೇಳುತ್ತವೆ. ಯುಮಾಸ್ಕ್‌ನಲ್ಲಿ ಇರುವ ಹಕ್ಕುಗಳನ್ನು ಸಿಸ್ಟಮ್ ಅದರಿಂದ ತೆಗೆದುಹಾಕುತ್ತದೆ. ಯುಮಾಸ್ಕ್ 022 ಇದ್ದರೆ ಫೈಲಿಗೆ 644, ಡೈರೆಕ್ಟರಿಗೆ 755. ಅಂದರೆ ತಂಡದವರು ಓದಬಹುದು, ತಿದ್ದುವ ಹಾಗಿಲ್ಲ. 002 ಇಟ್ಟರೆ 664 ಮತ್ತು 775. 007 ಇಟ್ಟರೆ ಹೊರಗಿನವರಿಗೆ ಏನೂ ಇಲ್ಲ. ತಂಡದ ಪ್ರತಿಯೊಬ್ಬರೂ ತಮ್ಮ ಶೆಲ್‌ನ (ಕಮಾಂಡುಗಳನ್ನು ಓಡಿಸುವ ಪ್ರೋಗ್ರಾಂ) ಸ್ಟಾರ್ಟ್‌ಅಪ್ ಫೈಲಿನಲ್ಲಿ ಇದನ್ನು ಹಾಕಿಕೊಳ್ಳಬೇಕು. ಒಬ್ಬರು ಮರೆತರೆ ಅವರ ಫೈಲುಗಳು ಮಾತ್ರ ತಿದ್ದಲು ಬರದೆ ಕೂರುತ್ತವೆ.

ಇಷ್ಟಾದ ಮೇಲೂ ಒಂದು ಗುಂಡಿ ಉಳಿಯುತ್ತದೆ, ಎಲ್ಲರೂ ಬೀಳುವಂಥದ್ದು. ಹೋಮ್‌ನಿಂದ ತಂಡದ ಜಾಗಕ್ಕೆ "ಎಂವಿ" ಮಾಡಿದರೆ (ಅಂದರೆ ಫೈಲನ್ನು ಸರಿಸಿದರೆ), ಎರಡೂ ಒಂದೇ ಫೈಲ್‌ಸಿಸ್ಟಮ್‌ನಲ್ಲಿದ್ದಾಗ ಫೈಲ್ ತನ್ನ ಹಳೆಯ ಗ್ರೂಪ್, ಹಳೆಯ ಪರ್ಮಿಷನ್ ಹೊತ್ತುಕೊಂಡೇ ಬರುತ್ತದೆ. ಸೆಟ್‌ಜಿಐಡಿ ಕೆಲಸ ಮಾಡುವುದು ಹೊಸದಾಗಿ ಹುಟ್ಟುವ ಫೈಲಿನ ಮೇಲೆ ಮಾತ್ರ. "ಸಿಪಿ" ಮಾಡಿದರೆ, ಅಂದರೆ ಕಾಪಿ ಮಾಡಿದರೆ, ಹೊಸ ಫೈಲ್ ಹುಟ್ಟುತ್ತದೆ, ಗ್ರೂಪ್ ಸರಿಯಾಗಿ ಬರುತ್ತದೆ. ಲ್ಯಾಪ್‌ಟಾಪ್‌ನಿಂದ ಫೈಲ್ ಕಳಿಸಲು "ಆರ್‌ಸಿಂಕ್ -ಎ" ಕೊಟ್ಟರೆ ಲ್ಯಾಪ್‌ಟಾಪಿನ ಪರ್ಮಿಷನ್ನೂ ಜೊತೆಗೇ ಬಂದುಬಿಡುತ್ತದೆ. ಅಲ್ಲಿ ಮೈನಸ್ ಎ ಜೊತೆಗೆ "--ನೋ-ಪಿ --ನೋ-ಜಿ --ಸಿಎಚ್‌ಮಾಡ್=ಯುಜಿಓ=ಆರ್‌ಡಬ್ಲ್ಯೂಎಕ್ಸ್" ಸೇರಿಸಿ. ಕೊನೆಯ ಎಕ್ಸ್ ದೊಡ್ಡಕ್ಷರ. ಆಗ ಹೊಸ ಫೈಲುಗಳಿಗೆ ಸರ್ವರ್‌ನ ಕಡೆಯ ನಿಯಮವೇ ಅನ್ವಯ ಆಗುತ್ತದೆ.

ಈಗಾಗಲೇ ಕಲಸುಮೇಲೋಗರ ಆಗಿರುವ ಡೈರೆಕ್ಟರಿಯನ್ನು ಸರಿ ಮಾಡುವಾಗಲೂ ಆ ದೊಡ್ಡ ಎಕ್ಸ್ ಬೇಕು. "ಸಿಎಚ್‌ಮಾಡ್ -ಆರ್" ಕೊಟ್ಟರೆ ಕೆಳಗಿನ ಎಲ್ಲಕ್ಕೂ ತಗಲುತ್ತದೆ (ಇಲ್ಲಿ ಆರ್ ದೊಡ್ಡಕ್ಷರ). ಅದರ ಜೊತೆ 770 ಅಂತ ಅಂಕಿ ಕೊಟ್ಟರೆ ಮಾಮೂಲಿ ಟೆಕ್ಸ್ಟ್ ಫೈಲೂ ಎಕ್ಸಿಕ್ಯೂಟಬಲ್ ಆಗುತ್ತದೆ. 660 ಕೊಟ್ಟರೆ ಡೈರೆಕ್ಟರಿಗಳ ಎಕ್ಸ್ ಹೋಗಿ ಒಳಗೆ ಹೋಗಲಿಕ್ಕೇ ಬರುವುದಿಲ್ಲ. "ಜಿ+ಆರ್‌ಡಬ್ಲ್ಯೂಎಕ್ಸ್" ಅಂತ ಕೊಡಿ, ಕೊನೆಯ ಎಕ್ಸ್ ದೊಡ್ಡದು. ದೊಡ್ಡ ಎಕ್ಸ್ ಅಂದರೆ ಡೈರೆಕ್ಟರಿಗೆ, ಮತ್ತು ಮೊದಲೇ ಯಾರಿಗಾದರೂ ಎಕ್ಸ್ ಇದ್ದ ಫೈಲಿಗೆ ಮಾತ್ರ ಎಕ್ಸ್ ಕೊಡು ಅಂತ. ಟರ್ಮಿನಲ್ ಬೇಡ, ಫೈಲ್ ಕಳಿಸುವ ಫೈಲ್‌ಜಿಲ್ಲಾ ಪ್ರೋಗ್ರಾಮಿನಲ್ಲೇ ಮಾಡುತ್ತೇನೆ ಅನ್ನುವವರು ಪರ್ಮಿಷನ್ ಕಿಟಕಿಯಲ್ಲಿ ಡೈರೆಕ್ಟರಿಗಳಿಗೆ ಮಾತ್ರ, ಫೈಲುಗಳಿಗೆ ಮಾತ್ರ ಅನ್ನುವ ಆಯ್ಕೆಗಳನ್ನು ಬಳಸಿ ಎರಡು ಸುತ್ತಿನಲ್ಲಿ ಮಾಡಿ.

777 ಯಾಕೆ ಬೇಡ

ನಿಮ್ಮೊಬ್ಬರದೇ ಕಂಪ್ಯೂಟರ್‌ನಲ್ಲಿ 777 ಕೊಟ್ಟರೆ ಸೋಮಾರಿತನ ಅನ್ನಬಹುದು. ಹಂಚಿಕೊಂಡ ಸರ್ವರ್‌ನಲ್ಲಿ ಕೊಟ್ಟರೆ ಬೇರೆ ಲಾಗಿನ್ ಇರುವ ಯಾರು ಬೇಕಾದರೂ ನಿಮ್ಮ ಸ್ಕ್ರಿಪ್ಟ್ ತಿದ್ದಬಹುದು, ಮತ್ತು ನೀವು ಅದನ್ನು ಓಡಿಸಿದಾಗ ಅದು ನಿಮ್ಮ ಹೆಸರಿನಲ್ಲೇ ಓಡುತ್ತದೆ. ಅವರು ಕೆಟ್ಟವರೇ ಆಗಿರಬೇಕಿಲ್ಲ. ಅವರ ಪಾಸ್‌ವರ್ಡ್ ಕದ್ದವರು ಬಂದರೂ ಸಾಕು, ಅಲ್ವಾ?

ಇನ್ನೊಂದು ವಿಷಯ: 777 ಕೊಟ್ಟರೆ ಕೆಲವು ಕೆಲಸಗಳು ನಿಂತೇ ಹೋಗುತ್ತವೆ. ಸರ್ವರ್‌ಗೆ ದೂರದಿಂದ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್ ಇದಕ್ಕೆ ಒಳ್ಳೆಯ ಉದಾಹರಣೆ. ನಿಮ್ಮ ಹೋಮ್, ಅದರೊಳಗಿನ ಡಾಟ್ ಎಸ್‌ಎಸ್‌ಎಚ್ ಡೈರೆಕ್ಟರಿ, ಅದರ ಆಥರೈಸ್ಡ್ ಕೀಸ್ ಫೈಲ್, ಈ ಮೂರರಲ್ಲಿ ಯಾವುದಕ್ಕಾದರೂ ಬೇರೆಯವರು ಬರೆಯಬಹುದು ಅಂತಿದ್ದರೆ ಪಾಸ್‌ವರ್ಡ್ ಬದಲು ಬಳಸುವ ನಿಮ್ಮ ಕೀ ಫೈಲನ್ನು ಸರ್ವರ್ ಒಪ್ಪುವುದಿಲ್ಲ. ಸುಮ್ನೆ ಪಾಸ್‌ವರ್ಡ್ ಕೇಳುತ್ತದೆ, ಅಥವಾ ಹೊರಗೇ ನಿಲ್ಲಿಸುತ್ತದೆ. ಕಾರಣ ನಿಮ್ಮ ಸ್ಕ್ರೀನಿನಲ್ಲಿ ಬರುವುದಿಲ್ಲ, ಸರ್ವರ್‌ನ ಲಾಗ್‌ನಲ್ಲಿ ಇರುತ್ತದೆ. ಹೋಮ್ ಮೇಲೆ "ಸಿಎಚ್‌ಮಾಡ್" ಮಾಡುವಾಗ ಇರುವ ಸೆಷನ್ ಮುಚ್ಚದೆ, ಇನ್ನೊಂದು ಕಿಟಕಿಯಿಂದ ಲಾಗಿನ್ ಆಗುತ್ತದಾ ಅಂತ ನೋಡಿಕೊಂಡೇ ಮುಚ್ಚಿ. ಡಾಟ್ ಎಸ್‌ಎಸ್‌ಎಚ್‌ಗೆ 700, ಒಳಗಿನ ಕೀ ಫೈಲುಗಳಿಗೆ 600 ಕೊಟ್ಟರೆ ತಲೆನೋವಿಲ್ಲ. ಅಪಾಚಿ ವೆಬ್ ಸರ್ವರ್‌ನಲ್ಲಿ ಸ್ಕ್ರಿಪ್ಟುಗಳನ್ನು ಓನರ್ ಹೆಸರಿನಲ್ಲಿ ಓಡಿಸುವ ಸುಎಕ್ಸೆಕ್ ಕೂಡ ಹೀಗೇ. ಓನರ್ ಬಿಟ್ಟು ಬೇರೆಯವರು ಬರೆಯಬಹುದಾದ ಸಿಜಿಐ ಸ್ಕ್ರಿಪ್ಟನ್ನು ಅದು ಓಡಿಸುವುದಿಲ್ಲ, ಬ್ರೌಸರ್‌ನಲ್ಲಿ 500 ಎರರ್ ಬರುತ್ತದೆ. ವೆಬ್‌ಸೈಟಿನ ಡೇಟಾಬೇಸ್ ಪಾಸ್‌ವರ್ಡ್ ಇರುವ ಕಾನ್ಫಿಗ್ ಫೈಲಿಗೆ 600 ಕೊಟ್ಟು ನೋಡಿ. ಪಿಎಚ್‌ಪಿ ನಿಮ್ಮ ಹೆಸರಿನಲ್ಲೇ ಓಡುವ ಹೋಸ್ಟಿಂಗ್‌ನಲ್ಲಿ ಅಷ್ಟೇ ಸಾಕು. ಅದರ ಬ್ಯಾಕಪ್ ಕಾಪಿ ಪಕ್ಕದಲ್ಲೇ 644ನಲ್ಲಿ ಬಿದ್ದಿರುತ್ತದೆ, ಅದನ್ನೂ ಮರೆಯಬೇಡಿ.

"ಹಾಗಾದರೆ ತಾತ್ಕಾಲಿಕ ಫೈಲುಗಳ ಜಾಗ /ಟಿಎಂಪಿ ಎಲ್ಲರಿಗೂ ತೆರೆದಿದೆಯಲ್ಲ?" ಹೌದು, ಆದರೆ ಅದರ ಅಂಕಿ 1777. ಆ 1 ಸ್ಟಿಕಿ ಬಿಟ್. ಎಲ್ಲರೂ ಫೈಲ್ ಹಾಕಬಹುದು, ಆದರೆ ಅಳಿಸುವುದು ಫೈಲಿನ ಓನರ್, ಡೈರೆಕ್ಟರಿಯ ಓನರ್ ಅಥವಾ ರೂಟ್ ಮಾತ್ರ. ಸಾಲಿನ ಕೊನೆಯಲ್ಲಿ ಎಕ್ಸ್ ಬದಲು ಟಿ ಕಾಣುತ್ತದೆ. ಹಳೆಯ ಯುನಿಕ್ಸ್‌ನಲ್ಲಿ ಈ ಬಿಟ್ ಇದ್ದದ್ದು ಬೇರೆಯದಕ್ಕೆ, ಪ್ರೋಗ್ರಾಂ ಮುಗಿದ ಮೇಲೂ ಅದನ್ನು ಸ್ವಾಪ್‌ನಲ್ಲೇ ಉಳಿಸಿಕೊಳ್ಳಲಿಕ್ಕೆ. ಆ ಕೆಲಸ ಹೋಯಿತು, ಹೆಸರು ಉಳಿಯಿತು. ತಂಡದ ಜಾಗದಲ್ಲೂ ಒಬ್ಬರ ಫೈಲ್ ಇನ್ನೊಬ್ಬರು ಅಳಿಸಬಾರದು ಅಂದರೆ 2770 ಬದಲು 3770 ಕೊಡಿ. ಒಂದು ನೆನಪಿರಲಿ, /ಟಿಎಂಪಿಯಲ್ಲಿ ನೀವಿಟ್ಟ 644 ಫೈಲನ್ನು ಎಲ್ಲರೂ ಓದಬಹುದು. ಸ್ಟಿಕಿ ಬಿಟ್ ತಡೆಯುವುದು ಅಳಿಸುವುದನ್ನು, ಹೆಸರು ಬದಲಿಸುವುದನ್ನು. ಓದುವುದನ್ನಲ್ಲ.

ಗ್ರೂಪ್ ಮಾಡಿಸಲು ಅಡ್ಮಿನ್ ಸಿಗುವುದೇ ಇಲ್ಲ, ಒಬ್ಬರಿಗೆ ಮಾತ್ರ ಕೊಡಬೇಕು ಅಂದರೆ ಎಸಿಎಲ್ ಇದೆ, ಅಂದರೆ ಫೈಲಿಗೆ ಒಬ್ಬೊಬ್ಬರ ಹೆಸರು ಹಾಕಿ ಹಕ್ಕು ಕೊಡುವ ಪಟ್ಟಿ. "ಸೆಟ್‌ಎಫ್‌ಎಸಿಎಲ್ -ಎಂ ಯು:ಯೂಸರ್2:ಆರ್" ಅಂತ ಫೈಲಿಗೆ ಕೊಡಿ. ದಾರಿಯಲ್ಲಿನ ಡೈರೆಕ್ಟರಿಗಳಿಗೆ ಎಕ್ಸ್ ಕೊಡುವುದು ಇಲ್ಲೂ ತಪ್ಪಿದ್ದಲ್ಲ. ಎಸಿಎಲ್ ಇರುವ ಫೈಲಿನ ಸಾಲಿನಲ್ಲಿ ಹತ್ತು ಅಕ್ಷರದ ಕೊನೆಗೆ ಒಂದು ಪ್ಲಸ್ ಇರುತ್ತದೆ. ಪ್ಲಸ್ ಕಂಡರೆ ಅಕ್ಷರಗಳನ್ನು ನಂಬಬೇಡಿ, "ಗೆಟ್‌ಎಫ್‌ಎಸಿಎಲ್" ಕೊಟ್ಟು ನೋಡಿ. ಅಂಥ ಫೈಲಿನಲ್ಲಿ ಮಧ್ಯದ ಗುಂಪು ತೋರಿಸುವುದು ಗ್ರೂಪಿನ ಹಕ್ಕನ್ನಲ್ಲ, ಮಾಸ್ಕ್ ಅನ್ನು, ಅಂದರೆ ಗ್ರೂಪಿಗೆ ಮತ್ತು ಪಟ್ಟಿಯಲ್ಲಿ ಹೆಸರಿರುವವರಿಗೆ ಸಿಗಬಹುದಾದ ಗರಿಷ್ಠ ಹಕ್ಕನ್ನು. ಆಮೇಲೆ ಯಾರಾದರೂ "ಸಿಎಚ್‌ಮಾಡ್ 600" ಕೊಟ್ಟರೆ ಮಾಸ್ಕ್ ಸೊನ್ನೆ ಆಗಿ ನೀವು ಕೊಟ್ಟ ಹಕ್ಕೂ ಸತ್ತುಹೋಗುತ್ತದೆ. ಪಟ್ಟಿಯಲ್ಲಿ ಹೆಸರು ಹಾಗೇ ಇರುತ್ತದೆ, ಕೆಲಸ ಮಾತ್ರ ಆಗುವುದಿಲ್ಲ.

ಎಲ್ಲ ಸರಿ ಇದ್ದೂ ಆಗದಿದ್ದರೆ

ಅಡ್ಮಿನ್ ನಿಮ್ಮನ್ನು ಗ್ರೂಪಿಗೆ ಸೇರಿಸಿದ್ದಾರೆ, ಆದರೂ ಒಳಗೆ ಬಿಡುತ್ತಿಲ್ಲ. "ಐಡಿ" ಕೊಡಿ. ಹೊಸ ಗ್ರೂಪ್ ಕಾಣದಿದ್ದರೆ ಲಾಗೌಟ್ ಆಗಿ ಮತ್ತೆ ಬನ್ನಿ. ಗ್ರೂಪ್ ಪಟ್ಟಿ ಸಿಗುವುದು ಲಾಗಿನ್ ಆಗುವಾಗ. ಲಾಗೌಟ್ ಆದರೂ ಸೆಷನ್ ಉಳಿಸಿಕೊಳ್ಳುವ ಟಿಮಕ್ಸ್ ಅಥವಾ ಸ್ಕ್ರೀನ್ ಬಳಸುವವರು ಬರೀ ಡಿಟ್ಯಾಚ್ ಮಾಡಿ ಬಂದರೆ ಆಗುವುದಿಲ್ಲ, ಒಳಗಿನ ಶೆಲ್ ಹಳೆಯ ಪಟ್ಟಿಯನ್ನೇ ಹಿಡಿದು ಕೂತಿರುತ್ತದೆ. ಟಿಮಕ್ಸ್ ಸರ್ವರನ್ನೇ ನಿಲ್ಲಿಸಿ ಹೊಸದು ಶುರುಮಾಡಬೇಕು.

ಎರರ್ ಮೆಸೇಜನ್ನೂ ಸರಿಯಾಗಿ ಓದಿ. "ಪರ್ಮಿಷನ್ ಡಿನೈಡ್" ಅಂದರೆ ಸಾಮಾನ್ಯವಾಗಿ ಆರ್, ಡಬ್ಲ್ಯೂ, ಎಕ್ಸ್‌ನಲ್ಲಿ ಎಲ್ಲೋ ಕೊರತೆ ಇದೆ. "ಆಪರೇಷನ್ ನಾಟ್ ಪರ್ಮಿಟೆಡ್" ಬಂದರೆ ನೀವು ಓನರ್ ಅಲ್ಲ ಅನ್ನುವ ಸಾಧ್ಯತೆ ಜಾಸ್ತಿ. ಬೇರೆಯವರ ಫೈಲಿಗೆ "ಸಿಎಚ್‌ಮಾಡ್" ಕೊಟ್ಟರೂ, ಸ್ಟಿಕಿ ಡೈರೆಕ್ಟರಿಯಲ್ಲಿ ಬೇರೆಯವರದ್ದು ಅಳಿಸಲು ಹೋದರೂ ಇದೇ ಬರುತ್ತದೆ. ಇದಕ್ಕೆ ಬಿಟ್‌ಗಳ ಜೊತೆ ಎಷ್ಟು ಗುದ್ದಾಡಿದರೂ ಪ್ರಯೋಜನ ಇಲ್ಲ, ಓನರನ್ನೇ ಕೇಳಿ.

ಬಿಡುವಾದಾಗ ನಿಮ್ಮ ಹೋಮ್‌ನಲ್ಲಿ ನಿಂತು "ಫೈಂಡ್ . -ಪರ್ಮ್ -ಓ=ಡಬ್ಲ್ಯೂ" ಕೊಟ್ಟು ನೋಡಿ. ಎಲ್ಲರೂ ಬರೆಯಬಹುದಾದ ಫೈಲುಗಳೆಲ್ಲ ಸಾಲಾಗಿ ಬರುತ್ತವೆ. ಅವಕ್ಕೆ "ಸಿಎಚ್‌ಮಾಡ್ ಓ-ಡಬ್ಲ್ಯೂ" ಕೊಡಿ. ಆ ಸಾಲಿನಲ್ಲಿ ಸಿಮ್‌ಲಿಂಕ್‌ಗಳೂ ಬಂದಿರುತ್ತವೆ, ಅವನ್ನು ಬಿಟ್ಟುಬಿಡಿ. ಲಿನಕ್ಸ್‌ನಲ್ಲಿ ಸಿಮ್‌ಲಿಂಕ್ ಯಾವಾಗಲೂ 777 ಅಂತಲೇ ಕಾಣುತ್ತದೆ. ಲೆಕ್ಕಕ್ಕೆ ಬರುವುದು ಅದು ತೋರಿಸುವ ಫೈಲಿನ ಪರ್ಮಿಷನ್.